ಹಳೇ ಲ್ಯಾಪ್‌ಟಾಪಿನ ಕಡತ

ಮೂವತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ನಿರ್ಧಾರವನ್ನೂ ಮಾಡದೆ ಹೆಡ್ ಕ್ಲರ್ಕ್ ಕುರ್ಚಿಯವರೆಗೆ ಏರಿದವರು ಈ ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಸಾಧನೆಯನ್ನು ಮನೆಯೊಳಗೂ ಮುಂದುವರಿಸಿದವರು ನಮ್ಮ ಷರಾ ಸಾಹೇಬರೊಬ್ಬರೇ ಇರಬೇಕು. ನೀರು ಸರಬರಾಜು ಕಚೇರಿಯಲ್ಲಿ ಅವರ ಮೇಜಿಗೆ ಬಂದ ಯಾವ ಕಾಗದವೂ ಅಂಚಿನಲ್ಲಿ ಒಂದು ಷರಾ ಇಲ್ಲದೆ ಹೊರಬಿದ್ದದ್ದಿಲ್ಲ. ‘ಪರಿಶೀಲಿಸಿ ಮಂಡಿಸಿ.’ ‘ಹಿಂದಿನ ಕಡತದೊಡನೆ ಮಂಡಿಸಿ.’ ‘ಮಂಡಿಸಿದ್ದು ಸರಿಯಿಲ್ಲ, ಮತ್ತೆ ಮಂಡಿಸಿ.’ ಹೀಗೆ ಕೆಂಪು ಶಾಯಿಯಲ್ಲಿ ಬರೆದೂ ಬರೆದೂ, ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದು, ಮಿಕ್ಕ ಕಡೆಯೆಲ್ಲ ಅವರು ಷರಾ ಸಾಹೇಬರೇ ಆಗಿಬಿಟ್ಟರು.

ಅವರ ತತ್ವ ಸರಳವಾಗಿತ್ತು. ನಿರ್ಧಾರ ಮಾಡಿದವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ, ಮಂಡಿಸಿದವನು ಬಚಾವಾಗುತ್ತಾನೆ. ಈ ತತ್ವ ಕಚೇರಿಯ ಗೋಡೆ ದಾಟಿ ಮನೆಗೆ ಬಂದದ್ದೇ ತೊಂದರೆಯಾಯಿತು. ತರಕಾರಿ ಚೀಟಿಯ ಮೇಲೆ ಷರಾ ಬಿತ್ತು. (‘ಬದನೆಕಾಯಿ: ಸಮರ್ಥನೆ?’) ಕನ್ನಡಕದ ಕಡ್ಡಿ ಮುರಿದಿದೆ, ಬೇರೆ ಕೊಡಿಸು ಎಂದ ಹೆತ್ತ ತಾಯಿಗೇ ‘ಹಳೆಯ ಕನ್ನಡಕದ ಸ್ಥಿತಿಗತಿಯೊಡನೆ ಮಂಡಿಸಿ’ ಎಂದರು. ತಾಯಿ ಆ ಕನ್ನಡಕವನ್ನು ಮಗನ ಊಟದ ತಟ್ಟೆಯಲ್ಲಿ ಅನ್ನದ ಪಕ್ಕಕ್ಕೆ ಮಂಡಿಸಿದರು. ಮಾರನೇ ದಿನವೇ ಹೊಸ ಕನ್ನಡಕ ಬಂತೆನ್ನಿ, ಆದರೆ ಅದು ತಮ್ಮ ನಿರ್ಧಾರವಲ್ಲ, ಒತ್ತಡಕ್ಕೆ ಮಣಿದದ್ದು ಎಂದು ಷರಾ ಸಾಹೇಬರು ಇವತ್ತಿಗೂ ವಾದಿಸುತ್ತಾರೆ.

ಇಂಥ ಮನೆಯಲ್ಲಿ ತಿಂಗಳ ಹತ್ತನೇ ತಾರೀಕಿನ ಸಂಜೆ, ಕಾಫಿ ಲೋಟ ಕೈಗೆ ಕೊಟ್ಟು ಹೆಂಡತಿ ಎದುರಿಗೆ ಕೂತಳು.

"ರೀ, ಒಂದು ವಿಷಯ."

"ವಿಷಯ ಆಮೇಲೆ. ಮೊದ್ಲು ಉಲ್ಲೇಖ ಹೇಳು. ಯಾರು ಹೇಳಿದ್ದು, ಯಾವಾಗ ಹೇಳಿದ್ದು?"

"ನಮ್ಮ ಬೀದಿ ಲೈಬ್ರರಿಯವ್ರು, ಇವತ್ತು ಬೆಳಿಗ್ಗೆ. ಅಲ್ಲಿರೋ ಅಷ್ಟೂ ಪುಸ್ತಕದ ಪಟ್ಟಿ ಮಾಡ್ಬೇಕಂತೆ. ಯಾವ ಪುಸ್ತಕ, ಯಾರು ಬರ್ದಿದ್ದು, ಯಾವ ಕಪಾಟಲ್ಲಿದೆ, ಎಲ್ಲಾ. ನಾನು ಮುಂಚೆ ಅಚ್ಚುಮನೇಲಿ ಟೈಪ್ ಮಾಡಿ ಪುಟ ಕಟ್ತಿದ್ದೆ ಅಂತ ಅವ್ರಿಗೆ ಯಾರೋ ಹೇಳಿದಾರೆ. ನೀವೇ ಮಾಡ್ಕೊಡಿ ಅಂದ್ರು. ಆದ್ರೆ ಅಲ್ಲಿ ಕಂಪ್ಯೂಟರ್ ಇಲ್ಲ. ಒಂದನೇ ತಾರೀಕಿಗೆ ಸ್ವಂತ ಲ್ಯಾಪ್‌ಟಾಪ್ ಇಟ್ಕೊಂಡು ಬಂದ್ರೆ ಕೆಲಸ ನಂದು. ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೋತಾರೆ."

ಷರಾ ಸಾಹೇಬರು ಕಾಫಿ ಗುಟುಕರಿಸಿದರು. ಹೆಂಡತಿ ಅಚ್ಚುಮನೆಯಲ್ಲಿ ಕೆಲಸ ಮಾಡಿದ್ದಳು ಎಂಬುದು ಅವರ ನೆನಪಿನ ಕಡತಗಳಲ್ಲಿ ಬಹಳ ಕೆಳಗಿತ್ತು.

"ಹೊಸದು ಬೇಡ," ಅವಳು ಬೇಗ ಬೇಗ ಹೇಳಿದಳು. "ಬಸ್ ಸ್ಟ್ಯಾಂಡ್ ಹಿಂದೆ ಹಳೇ ಲ್ಯಾಪ್‌ಟಾಪ್ ಮಾರೋ ಅಂಗಡಿ ಇದೆ. ನನ್ನ ಹತ್ರ ಕೂಡಿಟ್ಟಿರೋದ್ರಲ್ಲೇ ಆಗುತ್ತೆ. ನೀವು ಹೂಂ ಅಂದ್ರೆ ಸಾಕು."

ಹದಿನೆಂಟು ವರ್ಷದ ಮೇಲೆ ಯಾರೋ ಒಬ್ಬರು ಅವಳ ಕೈಕೆಲಸವನ್ನು ಕೇಳಿಕೊಂಡು ಬಂದಿದ್ದರು. ಆ ಖುಷಿಗೆ ಅವಳ ಮುಖ ಕೆಂಪಾಗಿತ್ತು. ಆ ಹೊತ್ತಿಗೆ ಬೇರೆ ಯಾವ ಗಂಡನಾದರೂ ಹೂಂ ಎಂದೋ ಉಹೂಂ ಎಂದೋ ಹೇಳಿ ಮುಗಿಸುತ್ತಿದ್ದ. ಷರಾ ಸಾಹೇಬರು ಲೋಟ ಕೆಳಗಿಟ್ಟು, "ತಾತ್ವಿಕವಾಗಿ ನನ್ನ ಅಭ್ಯಂತರ ಏನೂ ಇಲ್ಲ. ಒಂದು ಅರ್ಜಿ ಬರ್ದು ಕೊಡು," ಎಂದರು.

ತಮಾಷೆಗೆ ಹೇಳಿದರೆಂದುಕೊಂಡು ಅವಳು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ‘ಲ್ಯಾಪ್‌ಟಾಪ್ ಬೇಕು. ಕೊಡಿಸಿ’ ಎಂದು ಬರೆದುಕೊಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಚೀಟಿ ಸಕ್ಕರೆ ಡಬ್ಬದ ಮೇಲೆ ವಾಪಸು ಬಂದಿತ್ತು. ‘ಯಾರಿಗೆ? ಏಕೆ? ಎಷ್ಟು ಹಳೆಯದು? ವಿವರಿಸಿ ಮಂಡಿಸಿ.’

ವಿವರಿಸಿದಳು. ‘ಹೊಸದಕ್ಕೂ ಹಳೆಯದಕ್ಕೂ ತುಲನಾತ್ಮಕ ಪಟ್ಟಿ ಲಗತ್ತಿಸಿಲ್ಲ’ ಎಂದು ಬಂತು. ಲಗತ್ತಿಸಿದಳು. ‘ಹಳೆಯದು ಕೆಟ್ಟರೆ ಹೊಣೆ ಯಾರು?’ ಎಂದು ಬಂತು. ‘ನಾನೇ’ ಎಂದು ಬರೆದಳು. ‘ಅರ್ಜಿದಾರರೇ ಹೊಣೆ ಹೊರುವಂತಿಲ್ಲ’ ಎಂದು ಬಂತು. ಅಷ್ಟರಲ್ಲಿ ಇಪ್ಪತ್ತೈದನೇ ತಾರೀಕಾಗಿ, ಕಡತ ದಪ್ಪಗಾಗಿ, ಷರಾ ಸಾಹೇಬರು ಅದಕ್ಕೆ ಕಚೇರಿಯಿಂದ ಒಂದು ರಟ್ಟು, ಒಂದು ಕೆಂಪು ದಾರ ತಂದು ಕಟ್ಟಿದರು. ಕಡತಕ್ಕೆ ದಾರ ಬಿತ್ತೆಂದರೆ ಕೆಲಸ ಅರ್ಧ ಆದಂತೆ ಎಂದು ಅವರಿಗೆ ಪರಮ ಸಂತೋಷ.

"ಇನ್ನು ಸ್ಥಳ ತನಿಖೆ ಒಂದು ಬಾಕಿ," ಎಂದು ಇಪ್ಪತ್ತೆಂಟನೇ ತಾರೀಕು ಹೆಂಡತಿಯನ್ನು ಕರೆದುಕೊಂಡು ಆ ಅಂಗಡಿಗೆ ಹೋದರು.

ಅಂಗಡಿಯೆಂದರೆ ಎರಡು ಆಳು ಅಗಲದ ಕೋಣೆ. ಮೂರೂ ಗೋಡೆಗೆ ಲ್ಯಾಪ್‌ಟಾಪುಗಳು ಬಾಯಿ ತೆರೆದುಕೊಂಡು ಕೂತಿದ್ದವು. ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಅಂಗಡಿಯಾತ ಒಂದನ್ನು ಒರೆಸಿ ಮುಂದಿಟ್ಟ. ಕಪ್ಪು ಬಣ್ಣ, ಒಂದು ಮೂಲೆ ಸವೆದಿತ್ತು, ಇಟ್ಟಿಗೆಯಷ್ಟು ಗಟ್ಟಿಮುಟ್ಟು.

"ಇದರ ಹಿಂದಿನ ಮಾಲೀಕರು ಯಾರು?" ಷರಾ ಸಾಹೇಬರು ತನಿಖೆ ಶುರು ಮಾಡಿದರು.

"ಒಂದು ಆಫೀಸಿಂದು ಸಾರ್. ಆರು ವರ್ಷ ಇಟ್ಕೊಂಡಿದ್ರು."

"ಯಾಕೆ ಬಿಟ್ರು?"

"ಎಲ್ಲರಿಗೂ ಹೊಸದು ಬಂತು, ಇವನ್ನೆಲ್ಲ ಒಟ್ಟಿಗೆ ಕೊಟ್ರು."

"ಅಂದ್ರೆ ಇದರ ನಡತೇಲಿ ಏನೋ ಕೊರತೆ ಕಂಡಿರ್ಬೇಕು."

"ಸಾರ್, ಇದು ಲ್ಯಾಪ್‌ಟಾಪು," ಅಂಗಡಿಯಾತ ತಾಳ್ಮೆಯಿಂದ ಹೇಳಿದ. "ನೀವು ಅಳಿಯನ್ನ ಹುಡುಕೋಕೆ ಬಂದಿಲ್ಲ."

ಈ ಕಡೆ ಹೆಂಡತಿ ಸ್ಟೂಲಿನ ಮೇಲೆ ಕೂತು ಗುಂಡಿಗಳ ಮೇಲೆ ಕೈಯಿಟ್ಟಿದ್ದಳು. ಮೊದಲು ಒಂದೊಂದೇ ಬೆರಳು ತಡವರಿಸಿತು. ಎರಡು ನಿಮಿಷದಲ್ಲಿ ಹತ್ತೂ ಬೆರಳಿಗೆ ಹಳೇ ಚಾಳಿ ನೆನಪಾಗಿ ಟಕಟಕ ಸದ್ದು ಕೋಣೆ ತುಂಬಿತು. ತಲೆ ಎತ್ತದೆಯೇ ಅವಳು ಅಂಗಡಿಯಾತನನ್ನು ಕೇಳಬೇಕಾದದ್ದನ್ನು ಕೇಳಿದಳು: ಎಷ್ಟು ಹೊತ್ತು ನಡೆಯುತ್ತೆ, ಏನು ಬದಲಾಯಿಸಿದ್ದೀರಿ, ಯಾವುದು ಆಗಲ್ಲ.

"ಒಳಗಿನ ಡಿಸ್ಕ್ ಹೊಸದು ಹಾಕಿದೀನಿ ಅಕ್ಕ, ಅದಕ್ಕೇ ಬೇಗ ಎದ್ದೇಳುತ್ತೆ. ಬ್ಯಾಟರಿ ಮಾತ್ರ ಒಂದೂವರೆ ಗಂಟೆ, ಸುಳ್ಳು ಹೇಳಲ್ಲ. ಬೇಕಂದ್ರೆ ಬೇರೆ ತರಿಸಿ ಹಾಕ್ಕೊಡ್ತೀನಿ. ದೊಡ್ಡ ದೊಡ್ಡ ಆಟ ಆಡೋಕೆ ಆಗಲ್ಲ. ಬರಿಯೋಕೆ, ಪಟ್ಟಿ ಮಾಡೋಕೆ, ದಿನಬಳಕೆಗೆ ಧಾರಾಳವಾಗಿ ಆಗುತ್ತೆ. ಮೂರು ತಿಂಗಳು ಏನೇ ಆದ್ರೂ ನಾನಿದೀನಿ."

"ಈಗ ಹೇಳಿದ್ದನ್ನೆಲ್ಲ ಬರವಣಿಗೇಲಿ ಕೊಡಿ," ಎಂದರು ಷರಾ ಸಾಹೇಬರು. "ಇಬ್ಬರು ಸಾಕ್ಷಿಗಳ ಸಹಿಯೊಡನೆ."

ಅಂಗಡಿಯಾತ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದು, ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿಕೊಂಡ. "ನಾಳೆ ನಾಡಿದ್ದರಲ್ಲಿ ಯಾರಾದ್ರೂ ಒಯ್ದುಬಿಡ್ತಾರೆ ಸಾರ್," ಎಂದಷ್ಟೇ ಹೇಳಿದ.

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದು ಗಾದೆ ಉದುರಿಸಿ ಷರಾ ಸಾಹೇಬರು ಹೊರಬಂದರು. ಹೆಂಡತಿ ಲ್ಯಾಪ್‌ಟಾಪಿನ ಬಾಯಿ ಮುಚ್ಚಿ, ಅದರ ಮೇಲೆ ಒಂದು ಸಲ ಕೈಯಾಡಿಸಿ ಹಿಂದೆ ಬಂದಳು.

ಮನೆಯಲ್ಲಿ ತಾಯಿ ಬಾಗಿಲಲ್ಲೇ ಕಾದಿದ್ದರು. "ಏನಾಯ್ತೋ?"

"ಪರಿಶೀಲನೆಯಲ್ಲಿದೆ ಅಮ್ಮ."

"ನಿನ್ನ ಮದುವೇನೂ ಹೀಗೇ ಪರಿಶೀಲನೆಯಲ್ಲಿತ್ತು. ನಾನು ನಡುವೆ ಬಾಯಿ ಹಾಕ್ದೇ ಇದ್ದಿದ್ರೆ ಈ ಹುಡುಗಿ ಇನ್ನೂ ಕಡತದಲ್ಲೇ ಇರ್ತಿದ್ಳು," ಎಂದು ತಾಯಿ ಸೊಸೆಯ ಮುಖ ನೋಡಿದರು. ಆ ಮುಖ ಸಪ್ಪಗಿತ್ತು. ಅತ್ತೆಗೆ ಅದು ಹಿಡಿಸಲಿಲ್ಲ.

ಇಲ್ಲಿ ಓದುಗರಿಗೊಂದು ಗುಟ್ಟು ಹೇಳಬೇಕು. ಷರಾ ಸಾಹೇಬರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಮೂವತ್ತನೇ ತಾರೀಕು ಅವರು ಊಟದ ಡಬ್ಬಿ ಹಿಡಿದು ಕಚೇರಿಗೆ ಹೊರಟ ಹತ್ತೇ ನಿಮಿಷಕ್ಕೆ ಅತ್ತೆ ಸೊಸೆ ಇಬ್ಬರೂ ಒಂದು ಆಟೋ ಹತ್ತಿ ಬಸ್ ಸ್ಟ್ಯಾಂಡಿನ ಹಿಂದೆ ಇಳಿದರು. ಇಪ್ಪತ್ತು ದಿನದ ಕಡತ ಕಾಲು ಗಂಟೆಯಲ್ಲಿ ಇತ್ಯರ್ಥವಾಯಿತು. ಲ್ಯಾಪ್‌ಟಾಪು ಸೊಸೆಯ ದುಡ್ಡಿನದು, ಅದರ ಚೀಲ ಅತ್ತೆಯ ಕೊಡುಗೆ. ಅತ್ತೆ ಸೊಸೆ ಹಾವು ಮುಂಗುಸಿಯಂತಿರುತ್ತಾರೆ ಎಂದು ಲೋಕ ಹೇಳುತ್ತದೆ. ಇಬ್ಬರ ನಡುವೆ ಒಬ್ಬ ಹೆಡ್ ಕ್ಲರ್ಕ್ ಇದ್ದರೆ ಹಾವೂ ಮುಂಗುಸಿಯೂ ಒಂದೇ ಆಟೋದಲ್ಲಿ ಹೋಗುತ್ತವೆ.

"ಸಂಜೆ ಹೇಳಿಬಿಡೋಣ ಅತ್ತೆ. ಮುಚ್ಚಿಡೋದು ಯಾಕೋ ಸರಿ ಕಾಣಲ್ಲ," ಎಂದಳು ಸೊಸೆ.

"ಹೇಳು, ಯಾರು ಬೇಡ ಅಂದ್ರು? ಹೇಳಿದ್ರೆ ಅದನ್ನ ವಾಪಸ್ ಕೊಡ್ಬೇಕೋ ಇಟ್ಕೋಬೇಕೋ ಅಂತ ಇನ್ನೊಂದು ಕಡತ ಶುರುವಾಗುತ್ತೆ. ಅದು ಮುಗಿಯೋ ಹೊತ್ತಿಗೆ ಲೈಬ್ರರಿ ಪುಸ್ತಕ ಎಲ್ಲ ಗೆದ್ದಲು ತಿಂದಿರುತ್ತೆ. ಅವನು ಕೇಳಿದಾಗ ಸುಳ್ಳು ಹೇಳ್ಬೇಡ, ಅಷ್ಟು ಸಾಕು."

ಹೀಗೆ ಒಂದನೇ ತಾರೀಕಿನಿಂದ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪು ಲೈಬ್ರರಿಗೆ ಹೋಗಿ ನಾಲ್ಕಕ್ಕೆ ಮನೆಗೆ ಬರತೊಡಗಿತು. ಐದೂವರೆಗೆ ಅದು ಅತ್ತೆಯ ಬೀರುವಿನಲ್ಲಿ ಮಡಿಸಿಟ್ಟ ಹೊದಿಕೆಗಳ ನಡುವೆ ಮಲಗುತ್ತಿತ್ತು. ಒಂದು ಸಂಜೆ ಬ್ಯಾಟರಿ ಇಳಿದು, ಷರಾ ಸಾಹೇಬರು ಕಾಫಿ ಕುಡಿಯುತ್ತಿರುವಾಗ ಬೀರು ಕುಂಯ್ ಎಂದಿತು.

"ಅದೇನಮ್ಮ ಸದ್ದು?"

"ಬೀರು ಕಣೋ. ಹಳೇದಾಯ್ತಲ್ಲ," ಎಂದರು ತಾಯಿ, ಒಂದಕ್ಷರ ಸುಳ್ಳಿಲ್ಲದೆ.

"ಹಳೇ ಸಾಮಾನಿನ ಹಣೆಬರಹವೇ ಇಷ್ಟು," ಎಂದು ಷರಾ ಸಾಹೇಬರು ಹೆಂಡತಿಯ ಕಡೆ ಅರ್ಥಗರ್ಭಿತವಾಗಿ ನೋಡಿದರು. ಹೆಂಡತಿಗೆ ಕೆಮ್ಮು ಬಂದು ಅಡುಗೆಮನೆಗೆ ಹೋಗಬೇಕಾಯಿತು.

ಮೂರನೇ ತಾರೀಕು ಅವರಿಗೇ ನೆನಪಾಗಿ ಕೇಳಿದರು. "ಆ ಲೈಬ್ರರಿ ಕೆಲಸ ಏನಾಯ್ತು?"

"ಶುರುವಾಯ್ತು."

"ಯಾರಿಗೆ ಸಿಕ್ತು?"

"ಒಬ್ಬ ಹೆಂಗಸಿಗೆ."

ಷರಾ ಸಾಹೇಬರ ಮನಸ್ಸಿಗೆ ಚುರುಕ್ ಎಂದಿತು. ಅವರು ಕೆಟ್ಟವರೇನೂ ಅಲ್ಲ, ಹೆಂಡತಿಯ ಮೇಲೆ ಬೆಟ್ಟದಷ್ಟು ಪ್ರೀತಿ. ಆ ಪ್ರೀತಿಯೂ ಸರಿಯಾದ ಮಾರ್ಗದಲ್ಲೇ ಬರಬೇಕೆಂಬುದೊಂದೇ ಅವರ ಹಟ. "ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ," ಎಂದರು ಮೆತ್ತಗೆ. "ಕಡತ ಇನ್ನೂ ಜೀವಂತ ಇದೆ. ದಿನಬಳಕೆಗಾದ್ರೂ ಒಂದು ಬೇಕಲ್ಲ. ಅಂಥ ಹಳೇ ಲ್ಯಾಪ್‌ಟಾಪ್ ನಿಜವಾಗ್ಲೂ ದಿನಾ ಬಳಸ್ತಿರೋರು ಯಾರಾದ್ರೂ ಇದ್ರೆ ಅವರ ಅಭಿಪ್ರಾಯ ತರ್ಸು. ಅದೊಂದು ಲಗತ್ತಾದ್ರೆ ನನಗೆ ಧೈರ್ಯ ಬರುತ್ತೆ."

"ಎಷ್ಟು ದಿನದ ಅಭಿಪ್ರಾಯ ಬೇಕು?"

"ಕನಿಷ್ಠ ಇಪ್ಪತ್ತೊಂದು ದಿನದ್ದು."

ಇಪ್ಪತ್ತೆರಡನೇ ತಾರೀಕು ಸಂಜೆ ಕಾಫಿಯ ಜೊತೆಗೆ ಅಚ್ಚುಕಟ್ಟಾಗಿ ಮುದ್ರಿಸಿದ ನಾಲ್ಕು ಪುಟಗಳು ಬಂದವು. ‘ದಿನಬಳಕೆಗೆ ಹಳೆಯ ಲ್ಯಾಪ್‌ಟಾಪ್: ಒಬ್ಬ ಗೃಹಿಣಿಯ ಇಪ್ಪತ್ತೊಂದು ದಿನಗಳ ವರದಿ.’ ಷರಾ ಸಾಹೇಬರು ಕೆಂಪು ಪೆನ್ನಿನ ಟೋಪಿ ತೆಗೆದು ಓದಲು ಕೂತರು.

‘ಒಂದನೇ ದಿನ: ಗುಂಡಿ ಒತ್ತಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಯಂತ್ರ ಕೆಲಸಕ್ಕೆ ಸಿದ್ಧ. ನಾಲ್ಕನೇ ದಿನ: ಫ್ಯಾನು ಬಹಳ ಸದ್ದು ಮಾಡಿತು. ದಿಂಬಿನ ಮೇಲೆ ಇಟ್ಟು ಗಾಳಿ ಕಟ್ಟಿದ್ದು ಬಳಕೆದಾರಳ ತಪ್ಪು, ಯಂತ್ರದ್ದಲ್ಲ. ಒಂಬತ್ತನೇ ದಿನ: ಬ್ಯಾಟರಿ ಬದಲಾಯಿಸಲಾಯಿತು. ಈಗ ನಾಲ್ಕು ಗಂಟೆ ಚಿಂತೆಯಿಲ್ಲ. ಹನ್ನೆರಡನೇ ದಿನ: ಮನೆಯ ಹಿರಿಯರು ದೂರದಲ್ಲಿರುವ ತಂಗಿಯ ಮುಖ ನೋಡುತ್ತ ಒಂದು ಗಂಟೆ ಜಗಳವಾಡಿದರು. ಚಿತ್ರ ಸ್ಪಷ್ಟವಾಗಿತ್ತು, ಜಗಳ ಇನ್ನೂ ಸ್ಪಷ್ಟವಾಗಿತ್ತು. ಹದಿನೆಂಟನೇ ದಿನ: ಎರಡು ಸಾವಿರ ಪುಸ್ತಕಗಳ ಪಟ್ಟಿ ಮುಗಿಯಿತು, ಯಂತ್ರ ಒಮ್ಮೆಯೂ ನಿಂತಿಲ್ಲ. ಕೊರತೆಗಳು: ಹೊರಲು ಭಾರ. ಮುಚ್ಚಳದ ಕೀಲು ಬಿಗಿ. ಒಂದು ಗುಂಡಿ ಮೊದಲ ಸಲಕ್ಕೆ ಕೇಳುವುದಿಲ್ಲ. ಮನೆಯ ಯಜಮಾನರ ಹಾಗೆ, ಅದಕ್ಕೆ ಎರಡು ಸಲ ಹೇಳಬೇಕು.’

ಷರಾ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಪ, ಯಾರ ಮನೇಲೂ ಇದೇ ಕಥೆ. ಎಂಥ ಪೆದ್ದ ಇರ್ಬೇಕು ಆ ಯಜಮಾನ." ಕೊನೆಯ ಪುಟ ಮುಗಿಯಿತು. ಕೆಂಪು ಪೆನ್ನು ಕಾಗದಕ್ಕೆ ತಾಗಿರಲೇ ಇಲ್ಲ. ಮೂವತ್ತು ವರ್ಷದಲ್ಲಿ ಇದೇ ಮೊದಲು. "ಇದನ್ನ ಬರ್ದೋರು ಯಾರೇ?"

"ನನಗೆ ಚೆನ್ನಾಗಿ ಗೊತ್ತಿರೋರು."

"ಇವರ ಕಾಲು ಮುಟ್ಟಿ ನಮಸ್ಕಾರ ಮಾಡ್ಬೇಕು ಅನ್ನಿಸ್ತಿದೆ ನನಗೆ."

"ಬೇಡ ರೀ, ಅವ್ರಿಗೆ ಮುಜುಗರ ಆಗುತ್ತೆ," ಎಂದು ಹೆಂಡತಿಗೆ ಮತ್ತೆ ಕೆಮ್ಮು ಬಂತು.

ಒಳ್ಳೆಯ ಕಾಗದ ಕಂಡರೆ ಬಚ್ಚಿಟ್ಟುಕೊಳ್ಳುವ ಜಾತಿ ಅಲ್ಲ ಅವರದು. ಮಾರನೇ ದಿನ ಅದನ್ನು ಕಚೇರಿಗೆ ಒಯ್ದು ಎಂಜಿನಿಯರ್ ಮೇಡಂ ಮುಂದೆ ಇಟ್ಟರು. ಮೇಡಂ ನಿಂತಲ್ಲೇ ಓದಿ, ಕೂತು ಇನ್ನೊಮ್ಮೆ ಓದಿದರು.

"ಹೆಡ್ ಕ್ಲರ್ಕ್ ಅವ್ರೇ, ನಮ್ಮ ಆಫೀಸಿನ ಟಿಪ್ಪಣಿ ಹನ್ನೆರಡು ಪುಟ ಓದಿದ್ರೂ ನಲ್ಲೀಲಿ ನೀರು ಬರ್ತಿದೆಯೋ ಇಲ್ವೋ ಗೊತ್ತಾಗಲ್ಲ. ಇವ್ರು ನಾಲ್ಕೇ ಪುಟದಲ್ಲಿ ಒಂದು ಸಂಸಾರನೇ ಕಣ್ಣಿಗೆ ಕಟ್ಟಿದಾರೆ. ಇವ್ರನ್ನ ಶನಿವಾರ ಕರ್ಸಿ. ನಮ್ಮ ನಲವತ್ತು ಜನಕ್ಕೂ ಹೀಗೆ ಬರಿಯೋದು ಹೇಳ್ಕೊಡ್ಲಿ."

ಷರಾ ಸಾಹೇಬರು ಆಹ್ವಾನ ಪತ್ರ ತಾವೇ ಬರೆದು, ‘ಮಾನ್ಯ ವರದಿಗಾರರಿಗೆ’ ಎಂದು ಲಕೋಟೆಯ ಮೇಲೆ ದುಂಡಗೆ ವಿಳಾಸ ಹಾಕಿ, ಹೆಂಡತಿಯ ಕೈಗೆ ಕೊಟ್ಟರು. "ಖುದ್ದಾಗಿ ತಲುಪಿಸು. ಕೈಬದಲಾಗಬಾರದು."

"ಆಗಲ್ಲ," ಎಂದಳು ಅವಳು.

ಆ ರಾತ್ರಿ ಹೆಂಡತಿ ಪಾತ್ರೆ ಒರೆಸುತ್ತ ಅತ್ತೆಯನ್ನು ಕೇಳಿದಳು, "ಹೋಗ್ಲಾ ಅತ್ತೆ? ನಲವತ್ತು ಜನ. ಅವ್ರ ಮುಂದೆ ಇವ್ರ ಮರ್ಯಾದೆ..."

"ನಲವತ್ತು ಜನ ನಿನ್ನ ಕರೀತಿದಾರೆ ಕಣಮ್ಮ. ಅದಕ್ಕೆ ಹೋಗು. ಅವನ ಮರ್ಯಾದೆ ನೋಡ್ಕೊಳ್ಳೋಕೆ ನಾನು ಬರ್ತೀನಿ."

ಅತ್ತ ಷರಾ ಸಾಹೇಬರು ಲ್ಯಾಪ್‌ಟಾಪಿನ ಕಡತ ಬಿಚ್ಚಿ, ಮೇಜಿನ ಮುಂದೆ ನೆಟ್ಟಗೆ ಕೂತು, ಹೀಗೆ ಬರೆದರು: ‘ಶನಿವಾರ ತಜ್ಞರನ್ನು ಖುದ್ದಾಗಿ ವಿಚಾರಿಸಿ ಅಂತಿಮ ತೀರ್ಮಾನ ಕೈಗೊಳ್ಳಲಾಗುವುದು.’ ಅಂತಿಮ ಎಂಬ ಪದವನ್ನು ಅವರು ಬರೆದದ್ದು ಜೀವಮಾನದಲ್ಲೇ ಅದು ಮೊದಲ ಸಲ. ಬರೆದಾದ ಮೇಲೆ ಸ್ವಲ್ಪ ಬೆವರಿದರು.

ಶನಿವಾರ ಹತ್ತಕ್ಕೆ ಕಾಲು ಗಂಟೆ ಇರುವಾಗಲೇ ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಕಂಕುಳಲ್ಲಿ ಕಡತ ಸಿಕ್ಕಿಸಿಕೊಂಡು, ಷರಾ ಸಾಹೇಬರು ಕಚೇರಿಯ ಗೇಟಿನಲ್ಲಿ ನಿಂತರು. ಒಂದು ಆಟೋ ಬಂದು ನಿಂತಿತು. ಮೊದಲು ಒಂದು ಊರುಗೋಲು ಇಳಿಯಿತು, ಅದರ ಹಿಂದೆ ಅವರ ತಾಯಿ ಇಳಿದರು.

"ಅಮ್ಮಾ? ಏನಾಯ್ತು? ಯಾರಿಗೇನಾಯ್ತು?"

"ಎಲ್ಲಾ ಚೆನ್ನಾಗಿದೀವಿ. ಗಾಬರಿ ಬೀಳ್ಬೇಡ."

ಆಮೇಲೆ ಹೆಂಡತಿ ಇಳಿದಳು, ಹೆಗಲಿಗೆ ಒಂದು ಕಪ್ಪು ಚೀಲ. ಷರಾ ಸಾಹೇಬರಿಗೆ ಸಮಾಧಾನವಾಯಿತು. "ಓ, ಊಟದ ಡಬ್ಬಿ ಬಿಟ್ಟು ಬಂದಿದ್ನಾ? ಕೊಡು ಇಲ್ಲಿ. ಆ ಕಡೆ ನೆರಳಲ್ಲಿ ನಿಂತ್ಕೊಳ್ಳಿ ಇಬ್ರೂ. ಈಗ ತಜ್ಞರು ಬರೋ ಹೊತ್ತು."

"ಬಂದಾಯ್ತು ಕಣೋ," ಎಂದರು ತಾಯಿ.

ಅವರು ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಯಾರೂ ಇರಲಿಲ್ಲ. ಹೆಂಡತಿ ಕೈಗೆ ಕೊಟ್ಟ ಚೀಲ ಊಟದ ಡಬ್ಬಿಗಿಂತ ಭಾರವಾಗಿದೆ ಎಂದು ಆಗ ಗೊತ್ತಾಯಿತು. ಜಿಪ್ಪು ಸ್ವಲ್ಪ ಸರಿಸಿದರು. ಸವೆದ ಮೂಲೆಯ ಕಪ್ಪು ಲ್ಯಾಪ್‌ಟಾಪು ಇಣುಕಿತು.

ಕಡತ ಕಂಕುಳಿಂದ ಜಾರಿತು. ಎತ್ತಿಕೊಡುತ್ತ ಹೆಂಡತಿ ಮೆಲ್ಲಗೆ ಹೇಳಿದಳು, "ಮೂವತ್ತನೇ ತಾರೀಕೇ ತಗೊಂಡೆ ರೀ. ಒಂದನೇ ತಾರೀಕಿಗೆ ಕೆಲಸ ಕೈತಪ್ಪಿ ಹೋಗ್ತಿತ್ತು. ಕೋಪ ಇದ್ರೆ ಸಂಜೆ ಮಾಡ್ಕೊಳ್ಳಿ, ಈಗ ಒಳಗೆ ನಲವತ್ತು ಜನ ಕಾಯ್ತಿದಾರೆ."

ಷರಾ ಸಾಹೇಬರಿಗೆ ಏಕಕಾಲಕ್ಕೆ ಮೂರು ನಾಲ್ಕು ಭಾವನೆಗಳು ಬಂದವು. ಕೋಪ ಬಂತು. ಪೆದ್ದ ಯಜಮಾನ ಯಾರೆಂದು ಹೊಳೆದು ಕಿವಿ ಬಿಸಿಯಾಯಿತು. ತಮ್ಮನ್ನು ಬಿಟ್ಟು ಮನೆ ಇಪ್ಪತ್ತು ಮೂವತ್ತು ದಿನ ಸಲೀಸಾಗಿ ನಡೆದಿದೆ ಎಂದು ನೋವಾಯಿತು. ಇವನ್ನೆಲ್ಲ ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕೆಂದು ಪರಿಶೀಲಿಸುವಷ್ಟರಲ್ಲಿ ಮೇಡಂ ಒಳಗಿನಿಂದ ಬಂದು, "ವರದಿ ಬರೆದೋರು ನೀವೇನಾ? ಬನ್ನಿ ಬನ್ನಿ," ಎಂದು ಅವಳನ್ನು ಒಳಗೆ ಕರೆದೊಯ್ದರು. ಚೀಲ ಹೊತ್ತುಕೊಂಡು ಷರಾ ಸಾಹೇಬರು ಹಿಂದೆ ನಡೆದರು. ಅವರ ಹಿಂದೆ ಊರುಗೋಲು ಟಕಟಕ ಎನ್ನುತ್ತ ಬಂತು.

ನಲವತ್ತು ಜನರ ಮುಂದೆ ನಿಂತ ಹೆಂಡತಿಯ ದನಿ ಮೊದಲ ಐದು ನಿಮಿಷ ನಡುಗಿತು. ಆಮೇಲೆ ಹಳೇ ಲ್ಯಾಪ್‌ಟಾಪಿನ ಗುಂಡಿಗೆ ಬೆರಳು ತಾಗಿದ್ದೇ ತಡ, ನಡುಕ ಎಲ್ಲಿ ಹೋಯಿತೋ. "ಓದೋರಿಗೆ ಏನು ಬೇಕೋ ಅದನ್ನ ಮೊದಲನೇ ಸಾಲಲ್ಲೇ ಹೇಳಿಬಿಡಿ," ಎಂದಳು. ಯಾವುದೋ ಬೀದಿಯ ಒಡೆದ ಪೈಪಿನ ಹನ್ನೆರಡು ಪುಟದ ಟಿಪ್ಪಣಿ ತರಿಸಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಅದನ್ನು ಆರು ಸಾಲಿಗೆ ಇಳಿಸಿದಳು. ಆ ಟಿಪ್ಪಣಿ ಬರೆದವನೇ ಚಪ್ಪಾಳೆ ತಟ್ಟಿದ. ಮೊದಲ ಸಾಲಿನಲ್ಲಿ ಕೂತ ಷರಾ ಸಾಹೇಬರು ಅವಳನ್ನು ಬಾಯಿ ಬಿಟ್ಟು ನೋಡಿದರು. ಇವಳು ಅಚ್ಚುಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಹೀಗೇ ಇದ್ದಿರಬೇಕು, ತಾವು ಒಂದು ಸಲವೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದರ ಹಿಂದೆಯೇ, ಎದೆ ಉಬ್ಬುವಷ್ಟು ಹೆಮ್ಮೆಯಾಯಿತು.

ಕೊನೆಗೆ ಮೇಡಂ, "ಹೆಡ್ ಕ್ಲರ್ಕ್ ಅವ್ರದ್ದೊಂದು ಪ್ರಶ್ನೆ ಇತ್ತಲ್ಲ. ಕಡತ ತಂದಿದ್ರಿ," ಎಂದರು.

"ಅದು... ಪರಿಹಾರ ಆಯ್ತು ಮೇಡಂ."

"ಕೇಳೋ," ಹಿಂದಿನ ಸಾಲಿನಿಂದ ತಾಯಿಯ ದನಿ ಬಂತು. "ಗೊತ್ತಿಲ್ದೇ ಇರೋದನ್ನ ಕೇಳೋಕೆ ನಾಚಿಕೆ ಯಾಕೆ? ಅವಳೇನು ಹೊರಗಿನೋಳಾ, ನಿನ್ನ ಹೆಂಡ್ತಿ ತಾನೇ?"

ಸಭೆಗೆ ವಿಷಯ ತಿಳಿದು ಎಂಬತ್ತು ಕಣ್ಣು ಅವರ ಮೇಲೆ ಬಿದ್ದವು. ಷರಾ ಸಾಹೇಬರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ ಕೇಳಿದರು. "ದಿನಬಳಕೆಗೆ... ಹಳೇ ಲ್ಯಾಪ್‌ಟಾಪ್ ಕೊಳ್ಳಬಹುದಾ?"

ಹೆಂಡತಿ ನಗಲಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಿದಳು. "ಕೊಳ್ಳಬಹುದು. ಕೂತು ಒಂದರ್ಧ ಗಂಟೆ ಬಳಸಿ ನೋಡಿ. ಬ್ಯಾಟರಿ ಕೇಳಿ, ಮುಚ್ಚಳದ ಕೀಲು ಅಲ್ಲಾಡಿಸಿ, ಮಾರೋರು ನಾಳೆನೂ ಅಲ್ಲೇ ಇರ್ತಾರಾ ನೋಡಿ. ಸರಿ ಅನ್ನಿಸಿದ್ರೆ ಅವತ್ತೇ ತಗೊಂಡುಬಿಡಿ. ಮೊದ್ಲೇ ಹಳೇದು, ನೀವು ಯೋಚ್ನೆ ಮಾಡ್ತಾ ಕೂತ್ರೆ ಇನ್ನೂ ಹಳೇದಾಗುತ್ತೆ."

ಸಭೆ ಬಿದ್ದು ಬಿದ್ದು ನಕ್ಕಿತು. ಷರಾ ಸಾಹೇಬರೂ ನಕ್ಕು, ಕಡತದ ಕೊನೆಯ ಪುಟದಲ್ಲಿ ‘ಕೊಳ್ಳಲಾಗಿದೆ. ಘಟನೋತ್ತರ ಅನುಮೋದನೆ’ ಎಂದು ಬರೆದು ಸಹಿ ಹಾಕಿದರು. ಭೂಮಿ ಬಾಯಿಬಿಡಲಿಲ್ಲ. ಇಷ್ಟು ಸುಲಭವೇ ಎಂದು ಅವರಿಗೇ ಆಶ್ಚರ್ಯವಾಯಿತು. ಇನ್ನೇನು ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಮೇಡಂ, "ಈಗ ವಂದನಾರ್ಪಣೆ, ನಮ್ಮ ಹೆಡ್ ಕ್ಲರ್ಕ್ ಅವರಿಂದ," ಎಂದರು.

ಜೇಬಿನಲ್ಲಿದ್ದ ಭಾಷಣವನ್ನು ಅವರು ಗುರುವಾರವೇ ಬರೆದು, ಮೇಡಂ ಅವರಿಂದ ಸಹಿ ಹಾಕಿಸಿದ್ದರು. ಅನುಮೋದನೆಯಾದ ಬರಹದಲ್ಲಿ ಯಾರೂ ಒಂದಕ್ಷರವನ್ನೂ ಬಿಡಬಾರದು, ಸೇರಿಸಬಾರದು ಎಂಬ ಸುತ್ತೋಲೆಯೊಂದು ಆ ಕಚೇರಿಯಲ್ಲಿದೆ. ಹೊರಡಿಸಿದವರು ಅವರೇ. ಮೈಕಿನ ಮುಂದೆ ನಿಂತು ಕಾಗದ ಬಿಡಿಸಿದ ಷರಾ ಸಾಹೇಬರು ಎರಡನೇ ಪ್ಯಾರಾ ಕಂಡು ಬೆವರಿ, ಮೊದಲನೆಯದರಿಂದ ಸೀದಾ ಮೂರನೆಯದಕ್ಕೆ ಹಾರಿದರು.

"ಒಂದು ಪ್ಯಾರಾ ಬಿಟ್ರಿ," ಎಂದರು ಪ್ರತಿ ಹಿಡಿದು ಕೂತಿದ್ದ ಮೇಡಂ. "ಸುತ್ತೋಲೆ ನಿಮ್ದೇ."

ಬೇರೆ ದಾರಿ ಇರಲಿಲ್ಲ. ಷರಾ ಸಾಹೇಬರು ಓದಿದರು:

"ಇಂಥ ವಿದುಷಿಯ ಬೆನ್ನ ಹಿಂದೆ ನಿಂತು, ಕೇಳಿದ್ದನ್ನು ಕೇಳಿದ ದಿನವೇ ಕೊಡಿಸಿ, ಒಂದು ದಿನವೂ ಅಡ್ಡ ಬಾರದೆ ಪ್ರೋತ್ಸಾಹಿಸಿದ ಆ ಪುಣ್ಯಾತ್ಮ ಪತಿ ಯಾರೋ ನಮಗೆ ತಿಳಿಯದು. ಅವರೇನಾದರೂ ಈ ಸಭೆಯಲ್ಲಿ ಇದ್ದಿದ್ದರೆ, ಅವರನ್ನು ಎದ್ದು ನಿಲ್ಲಿಸಿ ನಾವೆಲ್ಲರೂ ಚಪ್ಪಾಳೆ ತಟ್ಟಬಹುದಾಗಿತ್ತು."

ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹಿಂದಿನ ಸಾಲಿನಲ್ಲಿ ತಾಯಿ ಊರುಗೋಲು ಊರಿ ಎದ್ದು ನಿಂತರು.

"ನಿಂತೇ ಇದಾನಲ್ಲ," ಎಂದರು ಅವರು. "ತಟ್ಟಿ ಎಲ್ಲರೂ."